ಹಾರುವ ಓತಿಯ ಹಿಂದೆ ಹೊರಟವರು

ಮಕ್ಕಳ ಕೈಗೆ ಪುಸ್ತಕ ಕೊಡುವಾಗ ಹಿರಿಯರಾದ ನಾವು ಕೇಳುವ ಮೊದಲ ಪ್ರಶ್ನೆ, "ಇದರಲ್ಲಿ ನೀತಿ ಏನಿದೆ?" ಎಂಬುದು. ಕಾಡು, ಪ್ರಾಣಿಗಳ ವಿಷಯ ಬಂದರಂತೂ ಕಥೆ ಹಿಂದಾಗಿ ಉಪದೇಶವೇ ಮುಂದಾಗುತ್ತದೆ. ಆದರೆ ನಗಿಸುತ್ತಲೇ ಕಾಡಿನೊಳಕ್ಕೆ ಕರೆದೊಯ್ಯುವ ಪುಸ್ತಕವೂ ಒಂದುಂಟು. ಅದು 1980ರಲ್ಲಿ ಪ್ರಕಟವಾದ, ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. ಮಕ್ಕಳಿಗೆಂದೇ ಬರೆದುದಲ್ಲ, ಆದರೂ ಹೈಸ್ಕೂಲು ಮೆಟ್ಟಲೇರಿದ ಮಕ್ಕಳು ಒಮ್ಮೆ ಹಿಡಿದರೆ ಕೆಳಗಿಡರು.

ಕಥೆ ನಡೆಯುವುದು ಮಲೆನಾಡಿನ ಮೂಡಿಗೆರೆಯ ಸೀಮೆಯಲ್ಲಿ. ಕರ್ವಾಲೊ ಎಂಬ ವಿಜ್ಞಾನಿ ಹಾರುವ ಓತಿಯನ್ನು ಹುಡುಕಿ ಹೊರಡುತ್ತಾರೆ. ಅವರ ದಂಡಾದರೂ ಎಂಥದು! ಜೇನಿನ ಗುಟ್ಟು ಬಲ್ಲ ಮಂದಣ್ಣ, ಹಾವು ಹಿಡಿಯುವ ಯಂಗ್ಟ, ಬಿರಿಯಾನಿ ಕರಿಯಪ್ಪ, ಕ್ಯಾಮರಾದ ಪ್ರಭಾಕರ, ಕಥೆ ಹೇಳುವ ರೈತ, ಜೊತೆಗೆ ಕಿವಿ ಎಂಬ ನಾಯಿ. ಇವರ ಮಾತುಕತೆ, ಪೇಚಾಟಗಳಿಗೆ ನಗದವರಾರು? ಆದರೆ ಆ ನಗುವಿನೊಳಗೇ ಒಂದು ತಿರುಳಿದೆ. ನಾವು ಪೆದ್ದನೆಂದು ನಗುವ ಮಂದಣ್ಣನಲ್ಲಿ ಕರ್ವಾಲೊ ಹುಟ್ಟು ಪ್ರಕೃತಿ ವೀಕ್ಷಕನನ್ನು ಕಾಣುತ್ತಾರೆ. ಓದಿದವರಿಗೆ ಕಾಣದ್ದು ಅವನ ಕಣ್ಣಿಗೆ ಬೀಳುತ್ತದೆ.

ಹಾರುವ ಓತಿ ಬರಿಯ ಕಟ್ಟುಕಥೆಯ ಪ್ರಾಣಿಯೇನಲ್ಲ. ಕಾದಂಬರಿಯಲ್ಲಿ ಅದು ಅತಿ ಪ್ರಾಚೀನವೂ ಅಪೂರ್ವವೂ ಆದ ಜೀವಿ. ಅದರ ನಿಜವಾದ ನೆಂಟ ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಕೆ ತೋಟಗಳಲ್ಲಿ ಇಂದಿಗೂ ಉಂಟು. ಉದ್ದನೆಯ ಪಕ್ಕೆಲುಬುಗಳು ಪಕ್ಕದ ಚರ್ಮವನ್ನು ಕೊಡೆಯಂತೆ ಬಿಡಿಸಿ ಹಿಡಿಯುತ್ತವೆ. ಅದರ ಬಲದಿಂದ ಮರದಿಂದ ಮರಕ್ಕೆ ತೇಲುತ್ತದೆ. ಇರುವೆಗಳೇ ಅದರ ಮುಖ್ಯ ಆಹಾರ. ತೊಗಟೆಗೆ ಅಂಟಿ ಕುಳಿತರೆ ಗುರುತೇ ಸಿಕ್ಕದು.

ನಮ್ಮ ಹೇರೋಹಳ್ಳಿಯ ಮನೆಯಲ್ಲಿ ಈ ಪುಸ್ತಕವನ್ನು ರಾತ್ರಿ ಊಟವಾದ ಮೇಲೆ ದಿನಕ್ಕಿಷ್ಟೆಂದು ಗಟ್ಟಿಯಾಗಿ ಓದಿದೆವು. ಪಕ್ಕದ ಮನೆಯ ಹುಡುಗನೂ ಬಂದು ಕೂರುತ್ತಿದ್ದ. ಕಾಂಪೌಂಡಿನ ಮೇಲೆ ಓತಿಕ್ಯಾತ ಕಂಡರೆ ಕಲ್ಲೆತ್ತುವುದು ಅವನ ಅಭ್ಯಾಸ. ಕೊನೆಯಲ್ಲಿ, ಅಷ್ಟು ಪಾಡುಪಟ್ಟವರ ಕಣ್ಣೆದುರಿನಲ್ಲೇ ಓತಿ ಕಣಿವೆಯತ್ತ ತೇಲಿಹೋದಾಗ ಅವನಿಗೆ ಸಿಟ್ಟೇ ಬಂತು. "ಇಷ್ಟೆಲ್ಲ ಮಾಡಿ ಸಿಗಲೇ ಇಲ್ಲವಾ, ಅಂಕಲ್?" ಎಂದ. ಉತ್ತರ ನನ್ನ ನಾಲಗೆಯ ತುದಿಗೆ ಬಂದಿತ್ತು; ನುಂಗಿಕೊಂಡೆ.

ಮರುದಿನ ಅವನು ಕಾಂಪೌಂಡಿನ ಬಳಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಎದುರಿಗೆ ಓತಿಕ್ಯಾತ ತಲೆಯಾಡಿಸುತ್ತಿತ್ತು. "ಇದ್ಯಾಕೆ ಹಾರಲ್ಲ?" ಎಂದು ಕೇಳಿದ. ಅಂದು ಕಲ್ಲೆತ್ತಲಿಲ್ಲ, ನಾಳೆಯ ಮಾತು ಬೇರೆ.

ನೀವೂ ಮನೆಯಲ್ಲಿ ಓದಿ ನೋಡಿ. ನಗು ಬಂದಲ್ಲಿ ನಿಲ್ಲಿಸಿ ನಕ್ಕುಬಿಡಿ. ಕೊನೆಯ ಪುಟ ಮುಗಿದ ಮೇಲೆ ಮಾತ್ರ ನೀತಿ ಏನೆಂದು ಕೇಳಬೇಡಿ. ಪ್ರಶ್ನೆ ಕೇಳುವ ಸರದಿ ಮಕ್ಕಳದಾಗಲಿ.