ಲೈಕಾ ಮತ್ತು ಕಾಂಟ್ಯಾಕ್ಸ್: ಛಾಯಾಚಿತ್ರವನ್ನು ಆಕರವಾಗಿ ಬಳಸುವವರಿಗೆ

ತಾಮ್ರಪಟವೊಂದು ದೊರೆತರೆ ಅದರ ಲಿಪಿಯನ್ನೂ ಲೋಹವನ್ನೂ ಮುದ್ರೆಯನ್ನೂ ಪರೀಕ್ಷಿಸದೆ ನಾವು ಅದನ್ನು ಪ್ರಮಾಣವೆಂದು ಸ್ವೀಕರಿಸುವುದಿಲ್ಲ. ಛಾಯಾಚಿತ್ರದ ವಿಷಯದಲ್ಲಿ ಮಾತ್ರ ಈ ಎಚ್ಚರಿಕೆ ಹೇಗೋ ಸಡಿಲವಾಗುತ್ತದೆ. ಚಿತ್ರದಲ್ಲಿ ಏನಿದೆಯೆಂದು ನೋಡುತ್ತೇವೆಯೇ ಹೊರತು, ಅದನ್ನು ಯಾವ ಯಂತ್ರದಿಂದ ತೆಗೆದರೆಂದು ಕೇಳುವುದಿಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದ ಅನೇಕ ಪ್ರಸಿದ್ಧ ಚಿತ್ರಗಳು ಜರ್ಮನಿಯ ಎರಡು ಪ್ರತಿಸ್ಪರ್ಧಿ ಕ್ಯಾಮರಾಗಳಿಂದ ಬಂದವು. ಇವುಗಳ ರಚನಾಭೇದವನ್ನು ತಿಳಿಯುವುದರಿಂದ ಇತಿಹಾಸದ ಅಭ್ಯಾಸಿಗೆ ಏನು ಪ್ರಯೋಜನ ಎಂಬುದೇ ಇಲ್ಲಿಯ ವಿಚಾರ.

ವೆಟ್ಸ್ಲಾರ್ ಪಟ್ಟಣದ ಲೈಟ್ಸ್ ಸಂಸ್ಥೆ ಮೊದಲು ಸೂಕ್ಷ್ಮದರ್ಶಕಗಳಿಗೆ ಹೆಸರಾಗಿತ್ತು. ಅಲ್ಲಿದ್ದ ಆಸ್ಕರ್ ಬಾರ್ನಾಕ್ ಅವರು 1914ರ ಹೊತ್ತಿಗೆ ಚಲನಚಿತ್ರದ 35 ಮಿ.ಮೀ. ಫಿಲಂ ಹಾಕಿ ಬಳಸಬಹುದಾದ ಪುಟ್ಟ ಕ್ಯಾಮರಾವೊಂದನ್ನು ರಚಿಸಿದರು. ಚಲನಚಿತ್ರದ ಎರಡು ಚೌಕಗಳ ಜಾಗವನ್ನು ಒಂದಾಗಿಸಿ 24×36 ಮಿ.ಮೀ. ಅಳತೆಯ ನೆಗೆಟಿವ್ ಪಡೆದದ್ದು ಅವರ ಯುಕ್ತಿ. 1925ರ ಲೈಪ್‌ಝಿಗ್ ಮೇಳದಲ್ಲಿ ಇದು 'ಲೈಕಾ' ಎಂಬ ಹೆಸರಿನಿಂದ ಪ್ರಕಟವಾಯಿತು. ಮರುವರ್ಷ ನಾಲ್ಕು ಸಂಸ್ಥೆಗಳು ಕೂಡಿ ಡ್ರೆಸ್ಡೆನ್ ನಗರದಲ್ಲಿ ಝೈಸ್ ಇಕಾನ್ ಆಯಿತು. 1932ರಲ್ಲಿ ಆ ಸಂಸ್ಥೆ 'ಕಾಂಟ್ಯಾಕ್ಸ್' ಕ್ಯಾಮರಾವನ್ನು ಹೊರತಂದಿತು.

ಕಾಂಟ್ಯಾಕ್ಸ್ ತಯಾರಕರು ಬಹುಮಟ್ಟಿಗೆ ಎಲ್ಲವನ್ನೂ ಲೈಕಾಕ್ಕಿಂತ ಭಿನ್ನವಾಗಿಯೇ ಮಾಡಿದರು. ಲೈಕಾದ ಷಟರು ಬಟ್ಟೆಯದು, ಅಡ್ಡಲಾಗಿ ಓಡುತ್ತದೆ. ಕಾಂಟ್ಯಾಕ್ಸಿನದು ಲೋಹದ ಪಟ್ಟಿಗಳದು, ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಮಸೂರವನ್ನು ಬಿಸಿಲಿಗೆ ತಿರುಗಿಸಿಟ್ಟರೆ ಲೈಕಾದ ಬಟ್ಟೆಯಲ್ಲಿ ರಂಧ್ರ ಸುಟ್ಟುಹೋಗಬಹುದು. ಕಾಂಟ್ಯಾಕ್ಸಿಗೆ ಆ ಭಯವಿಲ್ಲ. ಆದರೆ ಅದರ ಪಟ್ಟಿಗಳನ್ನು ಎಳೆದು ಹಿಡಿಯುವ ರೇಷ್ಮೆಯ ನಾಡಿಗಳು ಸವೆದು ತುಂಡಾದರೆ ದುರಸ್ತಿ ಕಷ್ಟ. ದೂರಮಾಪಕದ ಎರಡು ಕಿಂಡಿಗಳ ನಡುವಣ ಅಂತರ ಹೆಚ್ಚಿದಷ್ಟೂ ದೂರನಿರ್ಣಯ ನಿಖರವಾಗುತ್ತದೆ. ಇದು ಲೈಕಾದಲ್ಲಿ ಸುಮಾರು 39 ಮಿ.ಮೀ. ಇದ್ದರೆ, 1936ರ ಎರಡನೆಯ ಕಾಂಟ್ಯಾಕ್ಸಿನಲ್ಲಿ ಸುಮಾರು 90 ಮಿ.ಮೀ. ಇತ್ತು. ಅಲ್ಲದೆ ಈ ಎರಡನೆಯ ಮಾದರಿಯಲ್ಲಿ ದೂರವನ್ನು ಅಳೆಯುವುದಕ್ಕೂ ಚೌಕಟ್ಟನ್ನು ನೋಡುವುದಕ್ಕೂ ಒಂದೇ ಕಿಂಡಿ ಸಾಕಾಗಿತ್ತು. ಲೈಕಾ ಹಿಡಿದವನು ಒಂದರಿಂದ ಇನ್ನೊಂದಕ್ಕೆ ಕಣ್ಣು ಸರಿಸಬೇಕಾಗಿತ್ತು.

ಮಸೂರದಲ್ಲಿಯೂ ಆಗ ಝೈಸ್ ಒಂದು ಹೆಜ್ಜೆ ಮುಂದಿತ್ತೆಂದು ಹೇಳಬೇಕು. ಲುಡ್ವಿಗ್ ಬರ್ಟೆಲೆ ಅವರು ರಚಿಸಿದ ಸೊನ್ನಾರ್ ಮಸೂರದಲ್ಲಿ ಗಾಜಿನ ತುಂಡುಗಳನ್ನು ಒಂದಕ್ಕೊಂದು ಅಂಟಿಸಿದ್ದುದರಿಂದ ಗಾಳಿಗೆ ತಾಗುವ ಮೇಲ್ಮೈಗಳು ಆರೇ. ಲೈಟ್ಸ್ ಸಂಸ್ಥೆಯ ಸುಮ್ಮಾರ್ ಮಸೂರದಲ್ಲಿ ಇವು ಎಂಟು. ಮಸೂರಕ್ಕೆ ಪ್ರತಿಫಲನ ತಡೆಯುವ ಲೇಪ ಇನ್ನೂ ರೂಢಿಗೆ ಬಾರದ ಆ ಕಾಲದಲ್ಲಿ ಒಂದೊಂದು ಮೇಲ್ಮೈಯೂ ಚಿತ್ರವನ್ನು ಅಷ್ಟಷ್ಟು ಮಂಕಾಗಿಸುತ್ತಿತ್ತು.

ಇಷ್ಟಾದರೂ ಲೈಕಾ ಸೋಲಲಿಲ್ಲ. ಅದು ಹಗುರ, ಸರಳ, ಮೆಲುದನಿಯದು. ಆನ್ರಿ ಕಾರ್ಟಿಯೆ-ಬ್ರೆಸ್ಸಾನ್ 1932ರಿಂದ ಅದನ್ನೇ ಬಳಸಿದರು. 1948ರ ಜನವರಿಯಲ್ಲಿ ಗಾಂಧೀಜಿಯವರ ಕಡೆಯ ದಿನಗಳನ್ನೂ ಅಂತ್ಯಯಾತ್ರೆಯನ್ನೂ ಅವರು ಚಿತ್ರಿಸಿದರು. ನಮ್ಮ ಪಠ್ಯಗಳಲ್ಲಿ ಕಾಣುವ ಆ ಚಿತ್ರಗಳ ಸಾಮೀಪ್ಯಕ್ಕೆ ಛಾಯಾಗ್ರಾಹಕರ ಕಣ್ಣಿನೊಡನೆ ಯಂತ್ರದ ಗಾತ್ರವೂ ಕಾರಣವೆಂದು ನಾವು ಭಾವಿಸುತ್ತೇವೆ.

ಯುದ್ಧ ಮುಗಿದ ಮೇಲೆ ಈ ಸ್ಪರ್ಧೆಯ ಸ್ವರೂಪವೇ ಬದಲಾಯಿತು. 1945ರ ಫೆಬ್ರವರಿಯ ಬಾಂಬುದಾಳಿಯಲ್ಲಿ ಡ್ರೆಸ್ಡೆನ್ ಹಾಳಾಯಿತು. ಕಾಂಟ್ಯಾಕ್ಸಿನ ತಯಾರಿಕೆಯನ್ನು ಸೋವಿಯತ್ ಸರ್ಕಾರ ಕೀವ್ ನಗರಕ್ಕೆ ಸಾಗಿಸಿತು. ಅಲ್ಲಿ ಅದೇ ಯಂತ್ರ 'ಕೀವ್' ಎಂಬ ಹೆಸರಿನಿಂದ ಹೊರಬಂದಿತು. ಜಪಾನಿನ ನಿಪ್ಪಾನ್ ಕೊಗಾಕು ಸಂಸ್ಥೆ 1948ರಲ್ಲಿ ಕಾಂಟ್ಯಾಕ್ಸಿನ ಹೊರರೂಪಕ್ಕೆ ಲೈಕಾದ ಬಟ್ಟೆಯ ಷಟರನ್ನು ಕೂಡಿಸಿ ಮೊದಲ ನಿಕಾನ್ ಮಾಡಿತು. ಸ್ವತಃ ಲೈಟ್ಸ್ ಸಂಸ್ಥೆಯವರೇ 1954ರ ಎಂ3 ಮಾದರಿಯಲ್ಲಿ ಪ್ರತಿಸ್ಪರ್ಧಿಯ ಒಂಟಿ ಕಿಂಡಿಯನ್ನೂ, ಮಸೂರವನ್ನು ತಿರುಚಿ ಥಟ್ಟನೆ ಕೂಡಿಸುವ ಕ್ರಮವನ್ನೂ ಅಳವಡಿಸಿಕೊಂಡರು.

ಇನ್ನು ಆಕರವಿಮರ್ಶೆಯ ಪ್ರಶ್ನೆ. 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ರಾಬರ್ಟ್ ಕಾಪಾ ಅವರು ಕಾಂಟ್ಯಾಕ್ಸಿನಿಂದ ತೆಗೆದ ಚಿತ್ರಗಳಲ್ಲಿ ಸುಮಾರು ಹತ್ತು ಮಾತ್ರ ಉಳಿದಿವೆ. ಲಂಡನ್ನಿನ ಕತ್ತಲೆಕೋಣೆಯಲ್ಲಿ ಒಣಗಿಸುವ ಪೆಟ್ಟಿಗೆಯ ಶಾಖ ಮಿತಿಮೀರಿ ಉಳಿದವುಗಳ ಲೇಪ ಕರಗಿಹೋಯಿತೆಂಬುದು ಬಹುಕಾಲ ನಡೆದುಬಂದ ಕಥೆ. ಉಳಿದ ನೆಗೆಟಿವ್‌ಗಳಲ್ಲಿ ಚಿತ್ರ ಅಂಚಿನ ರಂಧ್ರಗಳ ಮೇಲಕ್ಕೆ ಹರಿದಿರುವುದನ್ನು ಲೇಪ ಜಾರಿದ್ದಕ್ಕೆ ಸಾಕ್ಷಿಯೆಂದು ತೋರಿಸಲಾಗುತ್ತಿತ್ತು. ನಾವೂ ತರಗತಿಯಲ್ಲಿ ಕೆಲವು ವರ್ಷ ಇದನ್ನೇ ಹೇಳಿಕೊಟ್ಟೆವು. 2014ರಿಂದ ಎ. ಡಿ. ಕೋಲ್ಮನ್ ಮತ್ತು ಅವರ ಸಹೋದ್ಯೋಗಿಗಳು ಈ ಕಥೆಯನ್ನು ಕೆದಕಿದರು. ಕೊಡ್ಯಾಕ್ ಫಿಲಂನ ಸುರುಳಿಡಬ್ಬಿ ಕಾಂಟ್ಯಾಕ್ಸಿನ ಗೂಡಿನಲ್ಲಿ ಸರಿಯಾಗಿ ಕೂಡದೆ ಫಿಲಂ ತನ್ನ ಜಾಡಿನಿಂದ ಕೊಂಚ ಸರಿಯುತ್ತದೆ. ಆದುದರಿಂದಲೇ ಚಿತ್ರ ರಂಧ್ರಗಳ ಮೇಲೆ ಬೀಳುತ್ತದೆ ಎಂದು ಅವರು ತೋರಿಸಿದರು. ದೋಷ ಹುಟ್ಟಿದ್ದು ಕತ್ತಲೆಕೋಣೆಯಲ್ಲಲ್ಲ, ಕ್ಯಾಮರಾದ ಒಳಗೆ.

ಮಿಕ್ಕ ಚಿತ್ರಗಳು ಏನಾದವೆಂಬುದು ಇಷ್ಟರಿಂದಲೇ ತೀರ್ಮಾನವಾಗುವುದಿಲ್ಲ. ಅವು ಇದ್ದೇ ಇರಲಿಲ್ಲವೆಂದು ಕೋಲ್ಮನ್ ವಾದಿಸುತ್ತಾರೆ; ಅದಕ್ಕೆ ಅವರು ಕೊಡುವ ಬೇರೆ ಕಾರಣಗಳನ್ನು ಬೇರೆಯಾಗಿಯೇ ತೂಗಿ ನೋಡಬೇಕು. ರಂಧ್ರಗಳ ಗುರುತನ್ನು ಮಾತ್ರ ಇನ್ನು ಮುಂದೆ ಶಾಖದ ಸಾಕ್ಷಿಯಾಗಿ ಯಾರೂ ಮುಂದಿಡಲಾಗದು.