ಹೇಂಟೆಗಳಲ್ಲಿ ಮೊಟ್ಟೆ ತಡೆಯುವಿಕೆ ಮತ್ತು ಅದರ ನಿವಾರಣೆ

ಮೊಟ್ಟೆಯಿಡುತ್ತಿದ್ದ ಹೇಂಟೆಯು ಪದೇಪದೇ ಗೂಡಿಗೆ ಹೋಗಿ ಬರಿದೆ ಹಿಂದಿರುಗುವುದು, ಬಾಲ ತಗ್ಗಿಸಿ ತಿಣುಕುವುದು, ಮೇವು ಮುಟ್ಟದೆ ಗರಿ ಕೆದರಿಕೊಂಡು ಮೂಲೆ ಸೇರುವುದು ಉಂಟು. ಇದನ್ನು ಕಂಡ ಮನೆಯವರು ಕೊಕ್ಕರೆ ರೋಗವೆಂದು ಹೆದರಿ ಒಡನೆಯೇ ಅದನ್ನು ಕೊಯ್ದುಬಿಡುತ್ತಾರೆ. ಕೊಕ್ಕರೆ ರೋಗವಾದರೆ ಒಂದರಿಂದೊಂದಕ್ಕೆ ಹರಡಿ ಹಿಂಡನ್ನೇ ಹಿಡಿಯುವುದು. ಒಂದೇ ಹೇಂಟೆ ಹೀಗಿದ್ದು, ಅದರ ಹೊಟ್ಟೆಯ ಹಿಂಭಾಗವನ್ನು ಮೃದುವಾಗಿ ಮುಟ್ಟಿದಾಗ ಗಟ್ಟಿಯಾದ ಮೊಟ್ಟೆ ಕೈಗೆ ತಿಳಿದರೆ, ಮೊಟ್ಟೆ ಒಳಗೆ ತಡೆದಿರುವುದೆಂದು ಭಾವಿಸತಕ್ಕದ್ದು.

ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಸುಣ್ಣಾಂಶದ ಕೊರತೆ. ಸುಣ್ಣಾಂಶವು ಚಿಪ್ಪಿಗೆ ಮಾತ್ರವಲ್ಲದೆ, ಮೊಟ್ಟೆಯನ್ನು ಹೊರದೂಡುವ ಸ್ನಾಯುಗಳ ಬಲಕ್ಕೂ ಬೇಕು. 60 ಗ್ರಾಂ ತೂಕದ ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಸುಣ್ಣಾಂಶವಿರುತ್ತದೆ. ರಾಗಿ ತಿನ್ನುವ ಕೋಳಿಗೆ ಸುಣ್ಣಾಂಶದ ಕೊರತೆಯೆಲ್ಲಿಯದು ಎಂದು ಕೇಳುವವರುಂಟು. ಧಾನ್ಯಗಳಲ್ಲಿ ರಾಗಿಯೇ ಈ ವಿಷಯದಲ್ಲಿ ಶ್ರೇಷ್ಠವೆಂಬುದು ನಿಜ. ಆದರೂ 100 ಗ್ರಾಂ ರಾಗಿಯಲ್ಲಿರುವುದು ಗ್ರಾಮಿನ ಮೂರನೆಯ ಒಂದು ಪಾಲು ಮಾತ್ರ. ಅಕ್ಕಿನುಚ್ಚಿನಲ್ಲಿ ಅದೂ ಇಲ್ಲ.

ಆದುದರಿಂದ ಕಪ್ಪೆಚಿಪ್ಪನ್ನು ಜೋಳದ ಕಾಳಿನಷ್ಟು ಸಣ್ಣಗೆ ಕುಟ್ಟಿ, ಪ್ರತ್ಯೇಕವಾದ ಮಣ್ಣಿನ ಪಾತ್ರೆಯಲ್ಲಿ ಇಡತಕ್ಕದ್ದು. ಹೇಂಟೆಗಳು ತಮಗೆ ಬೇಕಾದಷ್ಟನ್ನು ತಾವೇ ಆರಿಸಿಕೊಳ್ಳುತ್ತವೆ. ಚಿಪ್ಪು ಕಟ್ಟಲು ಸುಮಾರು 20 ಗಂಟೆ ಹಿಡಿಯುವುದರಿಂದಲೂ, ಆ ಕೆಲಸ ಬಹುಮಟ್ಟಿಗೆ ರಾತ್ರಿಯಲ್ಲಿ ನಡೆಯುವುದರಿಂದಲೂ, ಸಂಜೆಯ ಹೊತ್ತು ಪಾತ್ರೆ ಬರಿದಾಗಿರಕೂಡದು. ಮನೆಯ ಮೊಟ್ಟೆಚಿಪ್ಪನ್ನು ಹುರಿದು ಪುಡಿಮಾಡಿಯೂ ಕೊಡಬಹುದು. ಗೋಡೆಗೆ ಬಳಿಯುವ ಸುಣ್ಣವು ಬಾಯಿಯನ್ನೂ ಕರುಳನ್ನೂ ಸುಡುವುದರಿಂದ ಅದನ್ನು ಎಂದಿಗೂ ಕೊಡಕೂಡದು. ಮರಿಗಳ ಮೇವಿಗೆ ಚಿಪ್ಪನ್ನು ಬೆರೆಸಬಾರದು. ಹೆಚ್ಚಿನ ಸುಣ್ಣಾಂಶದಿಂದ ಅವುಗಳ ಮೂತ್ರಪಿಂಡಗಳು ಕೆಡುತ್ತವೆ.

ತಿಂದ ಸುಣ್ಣಾಂಶವು ಮೈಗೆ ಹತ್ತಲು ವಿಟಮಿನ್ ಡಿ ಅವಶ್ಯಕ. ಅದು ಬಿಸಿಲಿನಿಂದ ದೊರೆಯುತ್ತದೆ. ಹಗಲೆಲ್ಲ ಕುಕ್ಕೆಯಡಿ ಮುಚ್ಚಿಟ್ಟ ಹೇಂಟೆಗೆ ಈ ಲಾಭವಿಲ್ಲ. ಅಂತಹ ಹೇಂಟೆಗೆ ಓಡಾಟವೂ ಇಲ್ಲದೆ ಕೊಬ್ಬು ಬೆಳೆದು, ಮೊಟ್ಟೆಯ ದಾರಿ ಇಕ್ಕಟ್ಟಾಗುವುದು. ನಾಲ್ಕೈದು ಹೇಂಟೆಗಳಿಗೆ ಒಂದರಂತೆ, ಮಬ್ಬುಬೆಳಕಿನಲ್ಲಿ ಹುಲ್ಲು ಹಾಸಿದ 12 ಅಂಗುಲ ಅಗಲದ ಗೂಡಿದ್ದರೆ ಸಾಕು.

ಮೊಟ್ಟೆ ತಡೆದ ಹೇಂಟೆಯನ್ನು ಕೈಗೆ ಹಿತವಾದ ಬಿಸಿನೀರಿನಲ್ಲಿ ಹೊಟ್ಟೆ ಮುಳುಗುವಂತೆ 15–20 ನಿಮಿಷ ನಿಲ್ಲಿಸಿ, ಮೈ ಒರಸಿ, ದ್ವಾರಕ್ಕೆ ಎಣ್ಣೆ ಸವರಿ, ಬೆಚ್ಚನೆಯ ಕತ್ತಲ ಜಾಗದಲ್ಲಿ ಒಂಟಿಯಾಗಿ ಬಿಡತಕ್ಕದ್ದು. ಹೊಟ್ಟೆಯನ್ನು ಹಿಸುಕಿ ಮೊಟ್ಟೆ ತೆಗೆಯುವ ರೂಢಿ ಬಹಳ ಅಪಾಯಕರ. ಒಳಗೆ ಒಡೆದ ಚಿಪ್ಪು ಗರ್ಭನಾಳವನ್ನು ಸೀಳಿ, ಕೀವು ತುಂಬಿ ಹೇಂಟೆ ಸಾಯುವುದು. ಸಂಜೆಯೊಳಗೆ ಮೊಟ್ಟೆ ಬೀಳದಿದ್ದರೆ ಮರುದಿನಕ್ಕೆ ಕಾಯದೆ ಪಶುವೈದ್ಯರಿಗೆ ತೋರಿಸತಕ್ಕದ್ದು.