ಡಿಸ್ಕ್ ಸಮಸ್ಯೆಯಿಂದ ಸೊಂಟ ನೋವೇ? ಗಾಬರಿ ಬೇಡ, ಹಾಸಿಗೆ ಹಿಡಿಯುವುದೂ ಬೇಡ: ಮನೆಯಲ್ಲೇ ಮಾಡಬಹುದಾದ್ದು ಇಷ್ಟಿದೆ

ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಸಿನ್ನರ್ ಬೀಡಿ ಉದ್ಯಮಕ್ಕೆ ಹೆಸರಾದ ಊರು. ನಂತರ ಮಾಳೇಗಾಂವ್ ಮತ್ತು ಮುಸಳ್‌ಗಾಂವ್ ಕೈಗಾರಿಕಾ ಪ್ರದೇಶಗಳು ಬಂದವು. ಈಗ ನಾಗ್ಪುರ-ಮುಂಬೈ ನಡುವಿನ 701 ಕಿ.ಮೀ. ಉದ್ದದ ಸಮೃದ್ಧಿ ಹೆದ್ದಾರಿಯೂ ಛತ್ರಪತಿ ಸಂಭಾಜಿನಗರದ ಕಡೆಯಿಂದ ಬಂದು ಇದೇ ತಾಲೂಕಿನ ಮೂಲಕ ಹಾದು ಹೋಗುತ್ತದೆ. ಮಡಿಲಲ್ಲಿ ಮೊರ ಇಟ್ಟುಕೊಂಡು ಗಂಟೆಗಟ್ಟಲೆ ಬಗ್ಗಿ ಕೂರುವ ಬೀಡಿ ಕಾರ್ಮಿಕರು, ಯಂತ್ರದ ಮುಂದೆ ಭಾರ ಎತ್ತುವವರು, ದಿನವಿಡೀ ಸ್ಟೇರಿಂಗ್ ಹಿಡಿಯುವ ಲಾರಿ ಚಾಲಕರು, ಇವರೆಲ್ಲರ ಬೆನ್ನಿಗೂ ಒಂದೇ ಕಷ್ಟ. ನಮ್ಮ ದಕ್ಷಿಣ ಕನ್ನಡ, ಕಾಸರಗೋಡಿನಲ್ಲಿ ಬೀಡಿ ಕಟ್ಟುವ ಮಹಿಳೆಯರ ಕಥೆಯೂ ಬೇರೆಯಲ್ಲ.

ಇಂಥವರಿಗೆ ಒಂದು ದಿನ ಸೊಂಟ ಹಿಡಿದುಕೊಂಡರೆ ಅಂದಿನ ಕೂಲಿ ಹೋಯಿತು. ಸ್ಕ್ಯಾನ್ ಮಾಡಿಸಿ 'ಡಿಸ್ಕ್ ಜಾರಿದೆ' ಎಂದು ಕೇಳಿಸಿಕೊಂಡರೆ ಎದೆಯೇ ಒಡೆದಂತಾಗುತ್ತದೆ. ಆಪರೇಷನ್ ಬೇಕೇ, ಮುಂದೆ ದುಡಿಯಲು ಆಗುತ್ತದೆಯೇ ಎಂಬ ಭಯ ಶುರುವಾಗುತ್ತದೆ. ಆದರೆ ಡಿಸ್ಕ್ ಸಮಸ್ಯೆಯ ನೋವು ಹೆಚ್ಚಿನವರಲ್ಲಿ 6ರಿಂದ 12 ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ಸಾಕಷ್ಟು ಕಡಿಮೆಯಾಗುತ್ತದೆ. ಆ ಅವಧಿಯಲ್ಲಿ ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಇಲ್ಲಿ ತಿಳಿಯೋಣ.

ಡಿಸ್ಕ್ ನಿಜವಾಗಿ ಜಾರುತ್ತದೆಯೇ?

ಬೆನ್ನುಮೂಳೆಯ ಮಣಿಗಳ ನಡುವೆ ಒಟ್ಟು 23 ಡಿಸ್ಕ್‌ಗಳಿವೆ. ಇವು ಮೂಳೆಗಳ ನಡುವಿನ ಮೆತ್ತೆಗಳು. ಹೊರಗೆ ಗಟ್ಟಿ ನಾರಿನ ಪದರ, ಒಳಗೆ ಮೆದುವಾದ ತಿರುಳು. ಹೂರಣ ತುಂಬಿದ ಕಡುಬನ್ನು ಒಂದು ಬದಿಯಲ್ಲಿ ಒತ್ತಿದರೆ ಇನ್ನೊಂದು ಬದಿ ಉಬ್ಬುತ್ತದಲ್ಲ, ಡಿಸ್ಕ್ ಕೂಡ ಹಾಗೆಯೇ. ಮುಂದಕ್ಕೆ ಬಗ್ಗಿ ಭಾರ ಎತ್ತುವಾಗ ತಿರುಳು ಹಿಂದಕ್ಕೆ ತಳ್ಳಲ್ಪಡುತ್ತದೆ. ಹೊರಪದರ ಸವೆದಿದ್ದರೆ ಅಲ್ಲಿ ಉಬ್ಬುತ್ತದೆ ಅಥವಾ ಹರಿದು ಹೊರಬರುತ್ತದೆ. ಡಿಸ್ಕ್ ತನ್ನ ಜಾಗ ಬಿಟ್ಟು ಜಾರುವುದಿಲ್ಲ. ಹಾಗಾಗಿ ಯಾರೋ ಎಳೆದು, ತಿರುಚಿ ಅದನ್ನು 'ಕೂರಿಸುವ' ಪ್ರಶ್ನೆಯೂ ಇಲ್ಲ.

ಉಬ್ಬಿದ ಭಾಗ ಪಕ್ಕದ ನರವನ್ನು ಕೆರಳಿಸಿದರೆ ನೋವು ಪೃಷ್ಠದಿಂದ ತೊಡೆ, ಮೀನಖಂಡ, ಪಾದದವರೆಗೆ ಇಳಿಯುತ್ತದೆ. ಇದನ್ನೇ ಸಯಾಟಿಕಾ ಎನ್ನುವುದು. ಸೊಂಟದ ಕೊನೆಯ ಎರಡು ಡಿಸ್ಕ್‌ಗಳಲ್ಲಿ ಈ ತೊಂದರೆ ಅತಿ ಹೆಚ್ಚು. ಸಮಾಧಾನದ ವಿಷಯವೆಂದರೆ, ಹೊರಬಂದ ತಿರುಳನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ.

ಸ್ಕ್ಯಾನ್ ವರದಿ ನೋಡಿ ಹೆದರಬೇಡಿ

ಯಾವ ನೋವೂ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, 20ರ ವಯಸ್ಸಿನವರಲ್ಲೇ ಸುಮಾರು 30 ಶೇಕಡಾ ಮಂದಿಗೆ ಡಿಸ್ಕ್ ಉಬ್ಬಿತ್ತು. 80ರ ವಯಸ್ಸಿನವರಲ್ಲಿ ಇದು ಸುಮಾರು 84 ಶೇಕಡಾ. ಅಂದರೆ ವರದಿಯಲ್ಲಿ 'ಡಿಸ್ಕ್ ಬಲ್ಜ್' ಎಂದು ಬರೆದಿದ್ದ ಮಾತ್ರಕ್ಕೆ ನೋವಿಗೆ ಅದೇ ಕಾರಣ ಎಂದಲ್ಲ. ಕೂದಲು ನರೆಯುವಂತೆ ಡಿಸ್ಕ್ ಕೂಡ ಸವೆಯುತ್ತದೆ. ಅಪಾಯದ ಲಕ್ಷಣಗಳಿಲ್ಲದಿದ್ದರೆ ಮೊದಲ ವಾರದಲ್ಲೇ ಎಂಆರ್‌ಐಗೆ ಸಾವಿರಾರು ರೂಪಾಯಿ ಸುರಿಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಮೊದಲ ಎರಡು-ಮೂರು ದಿನ ಹೀಗೆ ಮಾಡಿ

* ನೋವು ತೀವ್ರವಾಗಿದ್ದರೆ ಒಂದೆರಡು ದಿನ ಮಧ್ಯೆ ಮಧ್ಯೆ ಮಲಗಿ. ಅದಕ್ಕಿಂತ ಹೆಚ್ಚು ದಿನ ಮಲಗಿದರೆ ಸ್ನಾಯುಗಳು ಸೋತು ಚೇತರಿಕೆ ತಡವಾಗುತ್ತದೆ.

* ನೆಲದ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು 10 ನಿಮಿಷ ಇರಿ. ಸೊಂಟದ ಬಿಗಿತ ಸಡಿಲವಾಗುತ್ತದೆ.

* ಬಿಸಿ ನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ 15-20 ನಿಮಿಷ ಶಾಖ ಕೊಡಿ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕಡಿಮೆಯಾಗಿರುವವರು ಎಚ್ಚರ, ಸುಟ್ಟರೂ ಗೊತ್ತಾಗುವುದಿಲ್ಲ.

* ಮಗ್ಗುಲಾಗಿ ಮಲಗುವಾಗ ಮೊಣಕಾಲುಗಳ ನಡುವೆ, ಅಂಗಾತ ಮಲಗುವಾಗ ಮೊಣಕಾಲಿನ ಕೆಳಗೆ ದಿಂಬು ಇಡಿ. ಏಳುವಾಗ ನೇರವಾಗಿ ಏಳಬೇಡಿ. ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಿ.

* 'ಬೆನ್ನು ನೋವಿಗೆ ಬರೀ ನೆಲವೇ ಒಳ್ಳೆಯದು' ಎಂಬ ಮಾತು ಎಲ್ಲರಿಗೂ ಸರಿಹೊಂದುವುದಿಲ್ಲ. 2003ರಲ್ಲಿ ಸ್ಪೇನ್‌ನಲ್ಲಿ 313 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ತೀರಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆ ಹೆಚ್ಚು ಆರಾಮ ಕೊಟ್ಟಿತ್ತು.

ನಂತರ ನಿಧಾನವಾಗಿ ವ್ಯಾಯಾಮ

ನಡಿಗೆ: ಸಮತಟ್ಟಾದ ಜಾಗದಲ್ಲಿ 5-10 ನಿಮಿಷ, ದಿನಕ್ಕೆ ಮೂರ್ನಾಲ್ಕು ಬಾರಿ ನಡೆಯಿರಿ. ವಾರ ಕಳೆದಂತೆ ಹೆಚ್ಚಿಸಿ.

ಬೋರಲು ಮಲಗುವುದು: ಹೊಟ್ಟೆಯ ಮೇಲೆ ಎರಡು ನಿಮಿಷ ಮಲಗಿ. ಹಿತವೆನಿಸಿದರೆ ಮೊಣಕೈ ಊರಿ ಎದೆಯನ್ನಷ್ಟೇ ಮೇಲೆತ್ತಿ, ಭುಜಂಗಾಸನದ ಮೊದಲ ಹಂತದಂತೆ. ಇಲ್ಲಿ ಒಂದು ಸೂಚನೆ ಗಮನಿಸಿ: ಕಾಲಿನ ನೋವು ಮೇಲೇರಿ ಸೊಂಟದ ಕಡೆ ಬಂದರೆ ಅದು ಒಳ್ಳೆಯ ಲಕ್ಷಣ. ನೋವು ಇನ್ನಷ್ಟು ಕೆಳಗೆ, ಪಾದದತ್ತ ಇಳಿದರೆ ತಕ್ಷಣ ನಿಲ್ಲಿಸಿ. ನಡೆದಾಗ ಕಾಲು ಸೋತು, ಮುಂದಕ್ಕೆ ಬಗ್ಗಿದಾಗ ಆರಾಮವೆನಿಸುವ ಹಿರಿಯರಿಗೆ ಈ ವ್ಯಾಯಾಮ ಹೊಂದುವುದಿಲ್ಲ. ಅವರ ಸಮಸ್ಯೆ ಬೇರೆ ಇರಬಹುದು.

ಸೇತುಬಂಧ: ನೋವು ತಗ್ಗಿದ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ ಸೊಂಟ ಎತ್ತಿ ಐದು ಎಣಿಸಿ ಇಳಿಸಿ. ಎಂಟು-ಹತ್ತು ಬಾರಿ ಸಾಕು.

ಕಾಲು ನೇರವಾಗಿಟ್ಟು ಬಗ್ಗಿ ಪಾದ ಮುಟ್ಟುವುದು, ಪಶ್ಚಿಮೋತ್ತಾನಾಸನ, ಹೊಟ್ಟೆ ಕರಗಿಸಲು ಎದ್ದು ಕೂರುವ ವ್ಯಾಯಾಮಗಳನ್ನು ಕೆಲವು ವಾರ ಬಿಟ್ಟುಬಿಡಿ.

ದಿನದ ಕೆಲಸದಲ್ಲಿ ಸಣ್ಣ ಬದಲಾವಣೆ

ಬೀಡಿ ಕಟ್ಟುವವರು, ಹೊಲಿಗೆಯವರು, ಕಂಪ್ಯೂಟರ್ ಮುಂದೆ ಕೂರುವವರು ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ. ನೆಲದ ಮೇಲೆ ಕೂರಲೇಬೇಕಾದರೆ ಗೋಡೆಗೆ ಒರಗಿ, ಕೆಳಗೆ ಮಡಚಿದ ಕಂಬಳಿ ಹಾಕಿಕೊಳ್ಳಿ. ಮೊರವನ್ನು ತಗ್ಗು ಮಣೆಯ ಮೇಲಿಟ್ಟರೆ ಅಷ್ಟು ಬಗ್ಗಬೇಕಾಗುವುದಿಲ್ಲ.

ಚಾಲಕರು ಸೊಂಟದ ಹಿಂದೆ ಸುತ್ತಿದ ಟವೆಲ್ ಇಟ್ಟುಕೊಂಡು, ಸಾಧ್ಯವಾದ ಕಡೆಯೆಲ್ಲ ನಿಲ್ಲಿಸಿ ಇಳಿದು ನಡೆಯಿರಿ. ಬಹಳ ಹೊತ್ತು ಕೂತು ಇಳಿದ ಕೂಡಲೇ ಭಾರ ಎತ್ತಬೇಡಿ.

ಸ್ನಾನದ ಬಕೆಟ್ ಅನ್ನು ಸ್ಟೂಲ್ ಮೇಲಿಡಿ. ಎರಡು ಬಿಂದಿಗೆ ನೀರನ್ನು ನಾಲ್ಕು ಸಲ ಅರ್ಧರ್ಧ ತನ್ನಿ. ಭಾರವನ್ನು ಮೈಗೆ ಒತ್ತಿ ಹಿಡಿದು, ಮೊಣಕಾಲು ಮಡಚಿ ಎತ್ತಿ, ಎತ್ತಿಕೊಂಡೇ ಸೊಂಟ ತಿರುಗಿಸಬೇಡಿ. ಮಲಬದ್ಧತೆ ಇದ್ದರೆ ಮುಕ್ಕುವಾಗ ನೋವು ಹೆಚ್ಚುತ್ತದೆ. ನೀರು, ಸೊಪ್ಪು, ಹಣ್ಣು ಹೆಚ್ಚಿಸಿ. ಬೀಡಿ, ಸಿಗರೇಟು ಸೇದುವವರಿಗೆ ಡಿಸ್ಕ್ ತೊಂದರೆಯ ಅಪಾಯ ಹೆಚ್ಚು ಎಂಬುದೂ ನೆನಪಿರಲಿ.

ಈ ತಪ್ಪುಗಳು ಬೇಡ

* ಬೆನ್ನು ತುಳಿಸಿಕೊಳ್ಳುವುದು, ಜೋರಾಗಿ ತಿರುಚಿಸಿಕೊಳ್ಳುವುದು.

* ಮೆಡಿಕಲ್ ಶಾಪ್‌ನಿಂದ ನೀವೇ ಮಾತ್ರೆ ತಂದು ವಾರಗಟ್ಟಲೆ ನುಂಗುವುದು. ನೋವು ನಿವಾರಕಗಳು ಜಠರದಲ್ಲಿ ಹುಣ್ಣು ಮಾಡಬಹುದು, ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ಬಿಪಿ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಲೇಬಾರದು.

* ಬೆಲ್ಟ್ ಅನ್ನೇ ನಂಬಿಕೊಳ್ಳುವುದು. ದೀರ್ಘಕಾಲದ ಸೊಂಟ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ವ್ಯಾಯಾಮವನ್ನು ಸೂಚಿಸುತ್ತದೆ. ಬೆಲ್ಟ್ ಮತ್ತು ಟ್ರ್ಯಾಕ್ಷನ್ ಅನ್ನು ಶಿಫಾರಸು ಮಾಡಿಲ್ಲ.

ಈ ಲಕ್ಷಣ ಕಂಡರೆ ಕಾಯಬೇಡಿ

ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಗುದ-ಜನನಾಂಗದ ಸುತ್ತ ಮರಗಟ್ಟುವುದು, ಎರಡೂ ಕಾಲು ಬಲ ಕಳೆದುಕೊಳ್ಳುವುದು, ಇವು ತುರ್ತು ಪರಿಸ್ಥಿತಿಯ ಲಕ್ಷಣಗಳು. ಬೆಳಗಾಗಲಿ ಎಂದು ಕಾಯದೆ ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೋಗಿ. ತಡವಾದರೆ ನರಕ್ಕೆ ಶಾಶ್ವತ ಹಾನಿಯಾಗಬಹುದು. ನಾಚಿಕೆಯಿಂದ ಇದನ್ನು ಮನೆಯವರಿಗೂ ಹೇಳದೆ ಇರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ದಿನಕ್ಕೊಮ್ಮೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ತುದಿಗಾಲಲ್ಲಿ, ನಾಲ್ಕು ಹೆಜ್ಜೆ ಹಿಮ್ಮಡಿಯಲ್ಲಿ ನಡೆದು ನೋಡಿ. ಒಂದು ಪಾದ ಹೊಸದಾಗಿ ಸೋಲುತ್ತಿದ್ದರೆ, ಚಪ್ಪಲಿ ಕಾಲಿನಿಂದ ಜಾರುತ್ತಿದ್ದರೆ ಅಂದೇ ವೈದ್ಯರನ್ನು ಕಾಣಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಇದ್ದದ್ದು, ಬಿದ್ದ ಬಳಿಕ ಶುರುವಾದ ನೋವು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೂ ಮನೆಮದ್ದು ಸಾಲದು.

ಇವು ಯಾವುವೂ ಇಲ್ಲದಿದ್ದರೂ ಆರು ವಾರ ಕಳೆದು ನೋವು ಇಳಿಯದಿದ್ದರೆ ಮೂಳೆ ಅಥವಾ ನರರೋಗ ತಜ್ಞರ ಸಲಹೆ ಪಡೆಯಿರಿ. ಅಲ್ಲಿಯವರೆಗೆ ಬೆನ್ನಿಗೆ ಬೇಕಾಗಿರುವುದು ಸ್ವಲ್ಪ ವಿಶ್ರಾಂತಿ, ಸ್ವಲ್ಪ ನಡಿಗೆ ಮತ್ತು ಒಂದಿಷ್ಟು ತಾಳ್ಮೆ.

(ಗಮನಿಸಿ: ಇದು ಸಾಮಾನ್ಯ ಮಾಹಿತಿ ಮಾತ್ರ. ಯಾವುದೇ ಚಿಕಿತ್ಸೆಗೂ ಮುನ್ನ ನಿಮ್ಮ ವೈದ್ಯರನ್ನು ಸಂಪರ್ಕಿಸಿ.)